ಇಬ್ಬನಿ ಹೊತ್ತ ಹುಳಗಳು

ಪ್ರಶ್ನೆ: ಇಬ್ಬನಿ ಮೆತ್ತಿಕೊಂಡ ಹುಳ, ಜೇಡಗಳ ಫೋಟೊ ತೆಗೆದರೆ ಮಸುಕಾಗುತ್ತದೆ. ನೀರು ಸ್ಪ್ರೇ ಮಾಡಬಹುದಾ? ಮೊದಲಿನಷ್ಟು ಹುಳಗಳೂ ಕಾಣುತ್ತಿಲ್ಲ, ಯಾಕೆ?
– ಓದುಗರೊಬ್ಬರು, ಸಾಗರ

ಉತ್ತರ: ಸ್ಪ್ರೇ ಬೇಡ, ಹುಳಕ್ಕೆ ಸುಮ್ನೆ ಕಾಟ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಕಳೆದ ಮೇಲೆ, ಡಿಸೆಂಬರ್‌, ಜನವರಿಯಲ್ಲಿ ಬಿಸಿಲು ಬೀಳುವ ಮುಂಚೆಯೇ ಗದ್ದೆ ಬದುವಿಗೆ ಹೋಗಿ. ಮೈ ಬಿಸಿಯಾಗುವ ತನಕ ಏರೋಪ್ಲೇನ್ ಚಿಟ್ಟೆ ಹಾರುವುದಿಲ್ಲ, ಹಾಗಾಗಿ ನಿಮಗೆ ಸಿಗುವುದು ಆ ಸ್ವಲ್ಪ ಹೊತ್ತು ಮಾತ್ರ. 100 ಎಂಎಂ ಮ್ಯಾಕ್ರೊ ಲೆನ್ಸ್ (ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್), ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 8ರಿಂದ 11, ಟ್ರೈಪಾಡ್ ಇರಲಿ. ಕ್ಯಾಮೆರಾದ ಮುಖ ಹುಳದ ಉದ್ದನೆಯ ಮೈಗೆ ಸಮಾನಾಂತರವಾಗಿರಲಿ, ಇಲ್ಲದಿದ್ದರೆ ಕಣ್ಣು ಫೋಕಸ್‌ನಲ್ಲಿದ್ದು ಬಾಲ ಮಸುಕಾಗುತ್ತದೆ. ಜೇಡರ ಬಲೆಗೆ ಹಿಂದಿನಿಂದ ಬೆಳಕು ಬಿದ್ದರೆ ಆಹಾ, ಮುತ್ತಿನ ಸರ!

ಇನ್ನು ಹುಳಗಳು ಕಡಿಮೆಯಾದದ್ದು ನಿಮ್ಮ ಭ್ರಮೆಯಲ್ಲ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷ ಹುಳಗಳನ್ನು ಹಿಡಿದು ತೂಗಿದ ಲೆಕ್ಕ 2017ರಲ್ಲಿ ಪ್ರಕಟವಾಯಿತು: ಹಾರುವ ಹುಳಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದಿತ್ತು. ನಮ್ಮಲ್ಲಿ ಗದ್ದೆಗೆ ಹೊಡೆಯುವ ಔಷಧಿ ಎಷ್ಟೋ ಸಲ ಕೀಟವನ್ನೂ ಕೊಲ್ಲುತ್ತದೆ, ಅದನ್ನು ತಿನ್ನುವ ಜೇಡವನ್ನೂ. ಬದುವಿನ ಹುಲ್ಲನ್ನೂ ಕಳೆನಾಶಕದಿಂದ ಒಣಗಿಸಿದರೆ ಬಲೆ ಕಟ್ಟಲು ಜಾಗವೇ ಇಲ್ಲ, ಅಲ್ವಾ? ಔಷಧಿ ಹೊಡೆಯದ ಗದ್ದೆ ಯಾರದ್ದೆಂದು ಊರಲ್ಲಿ ವಿಚಾರಿಸಿ, ಅಲ್ಲಿ ಹೋಗಿ ಕೂತುಕೊಳ್ಳಿ.