ಮೈಸೂರು ಅರಮನೆಗೆ ಗೈಡ್ ಬೇಕಾ?

ಅಮ್ಮ ಮತ್ತು ಹತ್ತು ವರ್ಷದ ಮಗನ ಜೊತೆ ಹೋಗ್ತಿದ್ದೀರಿ, ಇರೋದು ಎರಡು ಗಂಟೆ, ಗೈಡ್ ದುಡ್ಡು ದಂಡವೇ ಅಂತ ಕೇಳಿದ್ದೀರಿ. ನನ್ನ ಮಾತು ಕೇಳೋದಾದರೆ, ಮೊದಲ ಸಲ ಹೋಗ್ತಿದ್ದರೆ ತಗೊಳ್ಳಿ.

ಮೊದಲ ಸಲ ನಾವು ಗೈಡ್ ಇಲ್ಲದೆ ಹೋಗಿ, ಜನರ ಹಿಂದೆ ಸುಮ್ನೆ ನಡೆದು ಹೊರಗೆ ಬಂದಿದ್ದೆವು. ಎರಡನೇ ಸಲ ಗೈಡ್ ಒಬ್ಬರು ಕಲ್ಯಾಣ ಮಂಟಪದಲ್ಲಿ ನಿಲ್ಲಿಸಿ, ತಲೆ ಎತ್ತಿ ನೋಡಿ ಅಂದರು. ಬಣ್ಣದ ಗಾಜಿನಲ್ಲಿ ನವಿಲುಗಳು! ಗಾಜು, ಕಬ್ಬಿಣದ ಕಂಬ ಎಲ್ಲ ಗ್ಲಾಸ್ಗೋದಿಂದ ಬಂದಿದ್ದಂತೆ. ಸುತ್ತಲಿನ ಗೋಡೆಯ ದಸರಾ ಮೆರವಣಿಗೆ ಚಿತ್ರಗಳನ್ನು ಫೋಟೋ ನೋಡಿಕೊಂಡು ಬರೆದಿದ್ದು ಅಂತ ಗೊತ್ತಾದ ಮೇಲೆ ಒಂದೊಂದು ಮುಖವನ್ನೂ ನೋಡುತ್ತಾ ನಿಂತುಬಿಟ್ಟೆ. 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಲ್ಲೇ ಹಳೇ ಮರದ ಅರಮನೆ ಸುಟ್ಟುಹೋಯ್ತು, ಈಗಿನದು 1912ಕ್ಕೆ ಮುಗಿಯಿತು. ಈ ಕಥೆ ನಿಮ್ಮ ಮಗನಿಗೆ ಖಂಡಿತ ಹಿಡಿಸುತ್ತೆ.

ಆದರೆ ಎಲ್ಲ ಗೈಡ್‌ಗಳೂ ಹಾಗಿರಲ್ಲ. ಇನ್ನೊಮ್ಮೆ ಸಿಕ್ಕವರು ಅರ್ಧ ಗಂಟೆಯಲ್ಲಿ ಓಡಿಸಿ, ಸೀದಾ ರೇಷ್ಮೆ ಸೀರೆ ಅಂಗಡಿಗೆ ಕರೆದುಕೊಂಡು ಹೋದರು. ಹಾಗಾಗಿ ಗುರುತಿನ ಚೀಟಿ ನೋಡಿ. ರೇಟು, ಎಷ್ಟು ಹೊತ್ತು, ಅಂಗಡಿ ಬೇಡ ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ಅಮ್ಮನಿಗೆ ನಿಧಾನ ನಡೆಯಬೇಕು ಅಂತಲೂ ಹೇಳಿ. ಚಪ್ಪಲಿ ಹೊರಗೇ ಬಿಡಬೇಕು, ಅವರಿಗೆ ಸಾಕ್ಸ್ ಇಟ್ಟುಕೊಳ್ಳಿ.

ಭಾನುವಾರ ಸಂಜೆಯ ದೀಪ ನೋಡೋಕೆ ಮಾತ್ರ ಹೋಗೋದಾದರೆ ಗೈಡ್ ಯಾಕೆ, ಕಣ್ಣಿದ್ದರೆ ಸಾಕು ಅಲ್ವಾ!