ದುಬೈ, ಪ್ಯಾರಿಸ್, ಸ್ವಿಟ್ಜರ್ಲೆಂಡ್: ಉಡುಪಿಯಿಂದ ಹೊರಡುವಾಗ ಹಣವನ್ನು ಯಾವ ರೂಪದಲ್ಲಿ ಒಯ್ಯಬೇಕು?

ಉಡುಪಿಯಿಂದ ತಂದೆ ತಾಯಿಯನ್ನು ಕರೆದುಕೊಂಡು ಹೊರಟಿದ್ದೀರಿ. ಮೊದಲು ದುಬೈಯಲ್ಲಿ ಅಣ್ಣನ ಮನೆ, ಅಲ್ಲಿಂದ ಪ್ಯಾರಿಸ್, ಕೊನೆಗೆ ಸ್ವಿಟ್ಜರ್ಲೆಂಡ್. ಎಷ್ಟು ನಗದು, ಎಷ್ಟು ಕಾರ್ಡು ಎಂದು ಕೇಳಿದ್ದೀರಿ. ಬ್ಯಾಂಕಿನಿಂದ ನಿವೃತ್ತರಾದ ತಂದೆಯವರು ಟ್ರಾವೆಲರ್ಸ್ ಚೆಕ್ ಬಿಟ್ಟು ಬೇರೇನನ್ನೂ ನಂಬುತ್ತಿಲ್ಲ, ಅವರ ಕಪಾಟಿನಲ್ಲಿ ಐವತ್ತು ಡಾಲರಿನ ಹಳೆಯ ಅಮೆರಿಕನ್ ಎಕ್ಸ್‌ಪ್ರೆಸ್ ಚೆಕ್ ಒಂದು ಈಗಲೂ ಇದೆ ಎಂದೂ ಬರೆದಿದ್ದೀರಿ. ನಾನು ಮಂಗಳೂರಿನ ಹಂಪನಕಟ್ಟೆಯ ಬಳಿ, ಪರವಾನಗಿ ಇದ್ದ ವಿದೇಶಿ ವಿನಿಮಯದ ಕೌಂಟರೊಂದರಲ್ಲಿ ಬಹಳ ಕಾಲ ಕುಳಿತವನು. ಈಗ ಆ ಕೆಲಸದಲ್ಲಿಲ್ಲ. ಹಾಗಾಗಿ ಯಾರ ಕಾರ್ಡನ್ನೂ ನಿಮಗೆ ಮಾರಬೇಕಾದ ಗರಜು ನನಗಿಲ್ಲ.

ಮೊದಲು ತಂದೆಯವರ ವಿಷಯ. ಅವರ ನಂಬಿಕೆಯನ್ನು ನಗೆಯಾಡಬೇಡಿ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದೈದು ಬ್ಯಾಂಕುಗಳು ಹುಟ್ಟಿದ ಜಿಲ್ಲೆಯವರು ನಾವು. ಅವುಗಳಲ್ಲಿ ಮೂರರ ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋಯಿತು, ಆ ಮಾತು ಬೇರೆ. ಅಲ್ಲಿ ದುಡಿದವರಿಗೆ ಟ್ರಾವೆಲರ್ಸ್ ಚೆಕ್ ಏಕೆ ಇಷ್ಟ ಎಂಬುದು ನನಗೆ ಚೆನ್ನಾಗಿ ಗೊತ್ತು. ಕೊಳ್ಳುವಾಗ ಕೌಂಟರಿನ ಮುಂದೆ ಒಂದು ಸಹಿ, ಖರ್ಚು ಮಾಡುವಾಗ ಎದುರಿನವನ ಕಣ್ಣ ಮುಂದೆ ಇನ್ನೊಂದು ಸಹಿ. ಎರಡೂ ಹೊಂದಿದರೆ ಮಾತ್ರ ಹಣ. ಕಳೆದುಹೋದರೆ ಬೇರೆಯಾಗಿ ಬರೆದಿಟ್ಟುಕೊಂಡ ಕ್ರಮಸಂಖ್ಯೆ ಹೇಳಿ ಹಣ ವಾಪಸು ಪಡೆಯಬಹುದಿತ್ತು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಇದನ್ನು 1891ರಲ್ಲಿ ಆರಂಭಿಸಿತು. ಅದರ ಅಧ್ಯಕ್ಷ ಜೆ.ಸಿ. ಫಾರ್ಗೊ ಯುರೋಪಿಗೆ ಹೋಗಿದ್ದಾಗ, ದೊಡ್ಡ ನಗರಗಳನ್ನು ದಾಟಿದ ಮೇಲೆ ತನ್ನ ಲೆಟರ್ ಆಫ್ ಕ್ರೆಡಿಟ್‌ಗೆ, ಅಂದರೆ ಬ್ಯಾಂಕು ಬರೆದುಕೊಟ್ಟ ಹಣದ ಭರವಸೆಪತ್ರಕ್ಕೆ, ಯಾರೂ ಹಣ ಕೊಡುತ್ತಿಲ್ಲ ಎಂದು ಸಿಟ್ಟಾಗಿ ಮರಳಿದ್ದೇ ಅದಕ್ಕೆ ಕಾರಣ.

ಈಗ ಆ ಕಂಪನಿ ಹೊಸ ಚೆಕ್ಕುಗಳನ್ನು ಕೊಡುವುದನ್ನೇ ನಿಲ್ಲಿಸಿದೆ. ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಟ್ರಾವೆಲರ್ಸ್ ಚೆಕ್ ಎಂಬ ಹೆಸರು ಇನ್ನೂ ಕಾಣಿಸುತ್ತದೆ. ಅದನ್ನು ಓದಿ ಮಂಗಳೂರಿನ ಶಾಖೆಗಳಿಗೆ ಅಲೆಯಬೇಡಿ. ಕಪಾಟಿನ ಚೆಕ್ಕಿಗೆ ಮಾತ್ರ ಬೆಲೆ ಹೋಗಿಲ್ಲ, ಅದಕ್ಕೆ ಅವಧಿ ಮೀರುವುದೆಂಬುದಿಲ್ಲ. ಅದನ್ನು ಪ್ಯಾರಿಸ್ಸಿಗೆ ಒಯ್ದು ಅಂಗಡಿಯಲ್ಲಿ ಕೊಡುವ ಆಸೆ ಬೇಡ, ಯಾರೂ ತೆಗೆದುಕೊಳ್ಳುವುದಿಲ್ಲ. ಕಂಪನಿಯ ಜಾಲತಾಣದಲ್ಲೇ ಹಿಂತಿರುಗಿಸುವ ಕ್ರಮವನ್ನು ವಿಚಾರಿಸಿ. ಅವರು ಹೇಳುವವರೆಗೆ ಎರಡನೇ ಸಹಿ ಹಾಕಬಾರದು. ಇದನ್ನು ನಿಮ್ಮ ತಂದೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಕೌಂಟರಿಗೆ ಬರುತ್ತಿದ್ದವರೆಲ್ಲ ಹೆದರುತ್ತಿದ್ದುದು ಕಳ್ಳರಿಗೆ. ಪ್ಯಾರಿಸ್ಸಿನ ಮೆಟ್ರೋದಲ್ಲಿ ಜೇಬುಗಳ್ಳರು ಇರುವುದು ನಿಜ. ಆದರೆ ಹೆಚ್ಚಿನವರ ಹಣ ಸೋರಿಹೋಗುವುದು ಕಳ್ಳತನದಲ್ಲಲ್ಲ, ಒಂದೇ ಹಣವನ್ನು ಎರಡು ಮೂರು ಸಲ ಬದಲಾಯಿಸುವುದರಲ್ಲಿ. ಪ್ರತಿ ಬದಲಾವಣೆಯಲ್ಲೂ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ನಿಮ್ಮ ಕೈಯಿಂದ ಹೋಗುತ್ತದೆ. ರೂಪಾಯಿ ಕೊಟ್ಟು ಡಾಲರ್ ಕೊಂಡು, ಆ ಡಾಲರನ್ನು ಯುರೋಪಿನಲ್ಲಿ ಯೂರೋ ಮಾಡಿಸಿ, ಉಳಿದ ಯೂರೋವನ್ನು ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್ ಮಾಡಿಸಿ, ಕೊನೆಗೆ ಮಿಕ್ಕ ಫ್ರಾಂಕನ್ನು ಇಲ್ಲಿಗೆ ತಂದು ರೂಪಾಯಿ ಮಾಡಿದರೆ ನಾಲ್ಕು ಕಡೆ ಸುಂಕ ಕಟ್ಟಿದಂತಾಯಿತು. ಹಾಗಾಗಿ ನನ್ನ ಸಲಹೆ ಒಂದೇ: ಯಾವ ದೇಶದಲ್ಲಿ ಯಾವ ಹಣ ನಡೆಯುತ್ತದೆಯೋ ಅದನ್ನೇ ಇಲ್ಲಿಂದ ಕೊಳ್ಳಿ, ಮಿಗದಷ್ಟೇ ಕೊಳ್ಳಿ.

ದುಬೈಯ ಮಟ್ಟಿಗೆ ನಮ್ಮ ಊರಿನವರು ಅದೃಷ್ಟವಂತರು. ಗಲ್ಫಿನಿಂದ ರಜೆಗೆ ಬರುವವರು ತಂದು ಮಾರುವ ದಿರ್ಹಮ್‌ಗಳಿಂದಾಗಿ ಮಂಗಳೂರಿನಲ್ಲಿ ಅದರ ನೋಟಿಗೆ ಬರ ಇಲ್ಲ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವೂ ಕಡಿಮೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರ ಲೆಕ್ಕದಲ್ಲಿ ಕಟ್ಟಿಹಾಕಿದ ಹಣ. ಹಾಗಾಗಿ ಮನೆಯಲ್ಲಿ ಹಳೆಯ ಡಾಲರ್ ಇದ್ದರೆ ಅದನ್ನು ದುಬೈಯಲ್ಲಿ ಬದಲಾಯಿಸಿದರೂ ಹೆಚ್ಚು ನಷ್ಟವಿಲ್ಲ. ನಾನು ಹೇಳಿದ ಸಲಹೆಗೆ ಇದೊಂದು ಅಪವಾದ. ಅಣ್ಣ ಅಲ್ಲೇ ಇರುವುದರಿಂದ ಟ್ಯಾಕ್ಸಿಗೂ ಚಹಾಕ್ಕೂ ಆಗುವಷ್ಟು ಕೆಲವು ನೂರು ದಿರ್ಹಮ್ ಸಾಕು.

ಪಕ್ಕದ ಮನೆಯವರು ಗಲ್ಫಿನಿಂದ ಬಂದಿದ್ದಾರೆ, ಅವರಿಂದಲೇ ಕೊಂಡರೆ ಒಂದೆರಡು ಪೈಸೆ ಉಳಿಯುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ವಿದೇಶಿ ಹಣವನ್ನು ಅಧಿಕೃತ ಬ್ಯಾಂಕು ಅಥವಾ ಪರವಾನಗಿ ಇರುವ ವಿನಿಮಯದವರಿಂದ ಮಾತ್ರ ಕೊಳ್ಳಬಹುದು, ಅವರಿಗೆ ಮಾತ್ರ ಮಾರಬಹುದು. ವಿದೇಶಿ ವಿನಿಮಯದ ಫೆಮಾ ಕಾಯ್ದೆ ಹೇಳುವುದು ಅದನ್ನೇ. ರಜೆಗೆ ಬಂದ ಅಣ್ಣ ಅಮ್ಮನ ಕೈಗೆ ಪ್ರೀತಿಯಿಂದ ಕೊಟ್ಟ ನೋಟಿನ ಮಾತು ಬೇರೆ. ಹಾಗೆ ಉಡುಗೊರೆಯಾಗಿ ಬಂದದ್ದನ್ನು ಒಟ್ಟು 2,000 ಡಾಲರಿನವರೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಯೂರೋ ಕೊಳ್ಳುವಾಗ ಸಣ್ಣ ನೋಟು ಕೇಳಿ. ಐದು, ಹತ್ತು, ಇಪ್ಪತ್ತು, ಐವತ್ತು. ಐನೂರರ ನೋಟನ್ನು ಅಲ್ಲಿನ ಕೇಂದ್ರ ಬ್ಯಾಂಕುಗಳು 2019ರಿಂದ ಹೊರಡಿಸುತ್ತಿಲ್ಲ. ಅದು ಇನ್ನೂ ಹಣವೇ ಆದರೂ ಅದನ್ನು ಕಂಡರೆ ಅಂಗಡಿಯವರು ಮುಖ ತಿರುಗಿಸುತ್ತಾರೆ. ಸ್ವಿಸ್ ಫ್ರಾಂಕ್ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ಅವರ ಹಿಂದಿನ ಸರಣಿಯ ನೋಟುಗಳು 2021ರ ಏಪ್ರಿಲ್ 30ಕ್ಕೆ ಚಲಾವಣೆಯಿಂದ ಹೋದವು. ಅವು ಕೈಗೆ ಬಂದರೆ ಅಲ್ಲಿನ ರಾಷ್ಟ್ರೀಯ ಬ್ಯಾಂಕ್ ಬದಲಾಯಿಸಿಕೊಡುತ್ತದೆ, ನಿಜ. ಆದರೆ ಪ್ರವಾಸದ ನಡುವೆ ಬ್ಯಾಂಕ್ ಹುಡುಕಿಕೊಂಡು ಯಾರು ಹೋಗುತ್ತಾರೆ? ಎಣಿಸಿಕೊಳ್ಳುವಾಗಲೇ ಎಲ್ಲ ನೋಟುಗಳೂ ಹೊಸ ಸರಣಿಯವೇ ಎಂದು ನೋಡಿ. ಸ್ವಿಟ್ಜರ್ಲೆಂಡಿನಲ್ಲಿ ಯೂರೋ ನಡೆಯುತ್ತದೆ ಎಂದು ಪ್ರವಾಸ ಏಜೆಂಟರು ಹೇಳುತ್ತಾರೆ. ಹಲವೆಡೆ ನಡೆಯುತ್ತದೆ, ಆದರೆ ದರ ಅಂಗಡಿಯವನದು, ಚಿಲ್ಲರೆ ಫ್ರಾಂಕಿನಲ್ಲಿ. ಒಬ್ಬೊಬ್ಬರಿಗೆ ಇನ್ನೂರು ಯೂರೋ, ನೂರು ನೂರೈವತ್ತು ಫ್ರಾಂಕ್ ನಗದಾಗಿದ್ದರೆ ಬೇಕಾದಷ್ಟಾಯಿತು. ಅದನ್ನು ಮೂವರೂ ಹಂಚಿಕೊಳ್ಳಿ, ಎಲ್ಲವೂ ಅಮ್ಮನ ಕೈಚೀಲದಲ್ಲಿ ಬೇಡ.

ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ. ತಂದೆಯವರಿಗೆ ಇದನ್ನು ಒಪ್ಪಿಸುವುದು ಕಷ್ಟವಾಗಲಾರದು: ಮುಂಗಡ ಹಣ ತುಂಬಿದ ಕಾರ್ಡು, ತುಂಬಿದ ದಿನದ ದರವೇ ಕೊನೆಯವರೆಗೆ, ಕಳೆದುಹೋದರೆ ತಡೆಹಿಡಿದು ಜೊತೆಯ ಇನ್ನೊಂದನ್ನು ಬಳಸಬಹುದು. ಅವರು ಮೆಚ್ಚಿದ ಗುಣಗಳೇ. ಕೊಳ್ಳುವಾಗಲೇ ಜೋಡಿ ಕಾರ್ಡು ಕೇಳಿ, ಎರಡನ್ನೂ ಬೇರೆ ಬೇರೆ ಚೀಲದಲ್ಲಿಡಿ. ಯೂರೋವನ್ನೂ ಫ್ರಾಂಕನ್ನೂ ಪ್ರತ್ಯೇಕವಾಗಿ ತುಂಬಿಸಿ. ಫ್ರಾಂಕ್ ಮುಗಿದರೆ ಕಾರ್ಡು ಸದ್ದಿಲ್ಲದೆ ಯೂರೋದಿಂದ ಕಡಿದುಕೊಳ್ಳುತ್ತದೆ. ಅದಕ್ಕೊಂದು ಶುಲ್ಕ ಬೀಳುತ್ತದೆ, ಶೇಕಡಾ ಮೂರರ ಮೇಲೂ ಹೋಗುತ್ತದೆ. ಎಟಿಎಂನಿಂದ ತೆಗೆಯುವಾಗ ಸಲಕ್ಕಿಷ್ಟು ಎಂದು ಕಡಿತವಾಗುವುದರಿಂದ ನಿತ್ಯ ಇಪ್ಪತ್ತಿಪ್ಪತ್ತು ಯೂರೋ ತೆಗೆಯುವ ಅಭ್ಯಾಸ ಬೇಡ.

ಕ್ರೆಡಿಟ್ ಕಾರ್ಡು ಒಂದಿರಲಿ, ಆದರೆ ಹೋಟೆಲಿನ ಮುಂಗಡಕ್ಕೆ ಮತ್ತು ಆಪತ್ತಿಗೆ ಮಾತ್ರ. ಹೋಟೆಲಿನವರು ಮುಂಗಡವೆಂದು ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡಿನಲ್ಲಾದರೆ ಅದು ಬಿಡುಗಡೆಯಾಗುವವರೆಗೆ ನಿಮ್ಮದೇ ಹಣ ನಿಮಗೆ ಸಿಗುವುದಿಲ್ಲ. ಖರ್ಚಿಗೆಲ್ಲ ಕ್ರೆಡಿಟ್ ಕಾರ್ಡು ಉಜ್ಜಿದರೆ ಎಷ್ಟಾಗುತ್ತದೆ ನೋಡಿ: ಸಾಮಾನ್ಯ ಕಾರ್ಡುಗಳಲ್ಲಿ ಶೇ. 3.5ರ ಹೆಚ್ಚುವರಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಐವತ್ತು ಸಾವಿರ ರೂಪಾಯಿಯ ಖರೀದಿಗೆ 2,065 ರೂಪಾಯಿ. ಈ ಶುಲ್ಕವಿಲ್ಲದ ಕಾರ್ಡುಗಳೂ ಬಂದಿವೆ, ನಿಮ್ಮಲ್ಲಿರುವುದರ ಷರತ್ತುಗಳನ್ನು ಓದಿ. ಹೊರಡುವ ಮುಂಚೆ ವಿದೇಶದ ಬಳಕೆಯನ್ನು ಆ್ಯಪ್‌ನಲ್ಲಿ ತೆರೆಯಬೇಕು. 2020ರ ನಂತರ ಬಂದ ಕಾರ್ಡುಗಳಲ್ಲಿ ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ.

ಅಲ್ಲಿ ಕಾರ್ಡು ಉಜ್ಜಿದಾಗ ಯಂತ್ರವೋ ಮಾಣಿಯೋ ಬಹಳ ವಿನಯದಿಂದ ಕೇಳುವುದುಂಟು: ಯೂರೋದಲ್ಲಿ ಕೊಡುತ್ತೀರಾ, ರೂಪಾಯಿಯಲ್ಲಿ ಕೊಡುತ್ತೀರಾ? ರೂಪಾಯಿ ಕಂಡ ಕೂಡಲೇ ನಮ್ಮವರು ಕರಗಿಹೋಗುತ್ತಾರೆ. ಯಾವಾಗಲೂ ಅಲ್ಲಿನ ಹಣವನ್ನೇ ಆರಿಸಿ. ರೂಪಾಯಿ ಎಂದರೆ ಅವರ ದರದಲ್ಲಿ ಇನ್ನೊಂದು ಬದಲಾವಣೆ, ಫಾರೆಕ್ಸ್ ಕಾರ್ಡಿನಲ್ಲಾದರೆ ಅದನ್ನು ಮತ್ತೆ ಯೂರೋಗೆ ತಿರುಗಿಸುವ ಮತ್ತೊಂದು. ಯುಪಿಐ ದುಬೈಯ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ 2024ರಲ್ಲಿ ಬಂತು; ಅದನ್ನೇ ನಂಬಿ ಹೊರಡುವಷ್ಟು ಅಲ್ಲ.

ಈಗ ಕೊಳ್ಳುವ ಬಗೆ. ಐದು ರೂಪಾಯಿ ಕಡಿಮೆ ಮಾಡಿಸಲು ಬಂಗುಡೆಯ ಬುಟ್ಟಿಯ ಮುಂದೆ ಹತ್ತು ನಿಮಿಷ ನಿಲ್ಲುವವರು, ನನ್ನ ಕೌಂಟರಿನಲ್ಲಿ ಹೇಳಿದ ದರಕ್ಕೆ ತೆಪ್ಪಗೆ ಹಣ ಎಣಿಸುತ್ತಿದ್ದರು. ಇಲ್ಲೂ ಚೌಕಾಸಿ ನಡೆಯುತ್ತದೆ. ಬೋರ್ಡಿನ ದರ ಕೇಳಬೇಡಿ. ‘ಐನೂರು ಯೂರೋ ನನ್ನ ಕೈಗೆ ಬರಬೇಕು, ಎಲ್ಲ ಸೇರಿ ಎಷ್ಟು ರೂಪಾಯಿ?’ ಎಂದು ಕೇಳಿ. ಮಂಗಳೂರಿನ ಎರಡು ಕಡೆ, ಮಣಿಪಾಲದ ಒಂದು ಕಡೆ ಫೋನ್ ಮಾಡಿ. ಶುಲ್ಕವಿಲ್ಲ ಎಂದವರು ಅದನ್ನು ದರದಲ್ಲಿ ಸೇರಿಸಿರುತ್ತಾರೆ. ಜಿಎಸ್‌ಟಿ ದೊಡ್ಡದಲ್ಲ: ಒಂದು ಲಕ್ಷ ರೂಪಾಯಿಯ ವಿನಿಮಯಕ್ಕೆ 180, ಎರಡು ಲಕ್ಷಕ್ಕೆ 270. ಯಾರಾದರೂ ತೆರಿಗೆ ಎಂದು ಇದಕ್ಕಿಂತ ಹೆಚ್ಚು ಬರೆದರೆ ಲೆಕ್ಕ ಕೇಳಿ. ವಿಮಾನ ನಿಲ್ದಾಣದ ಕೌಂಟರನ್ನು ಕೊನೆಯ ದಾರಿಯೆಂದು ಇಟ್ಟುಕೊಳ್ಳಿ, ಬಜಪೆಯಲ್ಲಾದರೂ ಅಷ್ಟೇ, ಪ್ಯಾರಿಸ್ಸಿನಲ್ಲಾದರೂ ಅಷ್ಟೇ.

ಕಾಗದಪತ್ರ ಸುಲಭ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ವಿದೇಶಿ ಹಣ ಕೊಳ್ಳಲು ತುಂಬುವ ಎ2 ಅರ್ಜಿ. ಐವತ್ತು ಸಾವಿರ ರೂಪಾಯಿ ಮೀರಿದರೆ ನಗದು ಕೊಡುವಂತಿಲ್ಲ, ಚೆಕ್ಕು ಅಥವಾ ಕಾರ್ಡಿನ ಮೂಲಕವೇ ಪಾವತಿಸಬೇಕು. ನೀವು ಹೋಗುತ್ತಿರುವ ದೇಶಗಳಿಗೆ ಒಬ್ಬರಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದ ನೋಟುಗಳಷ್ಟೇ. ವರ್ಷಕ್ಕೆ ಒಟ್ಟು ಮಿತಿ ಎರಡೂವರೆ ಲಕ್ಷ ಡಾಲರ್, ಅದು ನಮ್ಮಂಥವರ ತಲೆನೋವಲ್ಲ. ಟಿಸಿಎಸ್ ಎಂಬ ಮುಂಗಡ ತೆರಿಗೆಗೂ 2025ರ ಏಪ್ರಿಲ್‌ನಿಂದ ಒಬ್ಬರಿಗೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಬೇಕು. ಏಜೆಂಟರ ಪ್ಯಾಕೇಜ್ ಕೊಂಡರೆ ಮಾತ್ರ ಲೆಕ್ಕ ಬೇರೆ, ಅದನ್ನು ಅವರ ಬಿಲ್ಲಿನಲ್ಲೇ ನೋಡಿ. ನಮ್ಮ ರೂಪಾಯಿ ನೋಟುಗಳನ್ನು ಒಬ್ಬರು 25,000ದವರೆಗೆ ಒಯ್ಯಬಹುದು. ಬಜಪೆಯಿಂದ ಉಡುಪಿಗೆ ಮರಳುವ ಕಾರಿನ ಬಾಡಿಗೆಗೆ ಅದರಲ್ಲಿ ಒಂದಿಷ್ಟು ಬದಿಗಿಡಿ.

ಕೊಂಡ ರಸೀದಿ ಎಸೆಯಬೇಡಿ, ಉಳಿದದ್ದನ್ನು ಮಾರುವಾಗ ಕೇಳುತ್ತಾರೆ. ಬಂದ ಮೇಲೆ 180 ದಿನಗಳೊಳಗೆ ಮಾರಬೇಕು. 2,000 ಡಾಲರ್ ಮೌಲ್ಯದವರೆಗೆ ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಬಹುದು. ಕಾರ್ಡಿನಲ್ಲಿ ಉಳಿದದ್ದನ್ನೂ ಬ್ಯಾಂಕಿಗೆ ಹೇಳಿ ರೂಪಾಯಿ ಮಾಡಿಸಿಕೊಳ್ಳಿ, ಹಾಗೇ ಬಿಟ್ಟರೆ ಬಳಸದ ಶುಲ್ಕವೆಂದು ಕಡಿಯುವ ಕಾರ್ಡುಗಳಿವೆ. ನಾಣ್ಯಗಳನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ. ಐದು ಫ್ರಾಂಕಿನ ಒಂದು ನಾಣ್ಯವೆಂದರೆ ಐನೂರು ರೂಪಾಯಿಗೂ ಮೇಲೆ, ಅದನ್ನು ಜ್ಯೂರಿಕ್‌ನ ವಿಮಾನ ನಿಲ್ದಾಣದಲ್ಲೇ ಚಾಕಲೇಟಿಗೆ ಹಾಕಿಬಿಡಿ.