ಏರಿಳಿತ ಜಾಸ್ತಿ ಇರುವ ಹಳ್ಳಿಗಾಡಿನಲ್ಲಿ ಮೌಂಟನ್ ಬೈಕ್ ಓಡಿಸೋಕೆ ದಾರಿ ಹೇಗೆ ಆರಿಸಬೇಕು?

ಟಾರ್ ರಸ್ತೆಯಲ್ಲಿ 40 ಕಿಲೋಮೀಟರ್ ಆರಾಮಾಗಿ ಹೋಗಿ ಬರುವ ನೀವು, ಹೊಲ-ದಿಣ್ಣೆಗಳ ನಡುವಿನ ಮಣ್ಣುದಾರಿಯಲ್ಲಿ 25ಕ್ಕೇ ಸುಸ್ತಾಗಿ, ಕೊನೆಗೆ ಸೈಕಲ್ ತಳ್ಳಿಕೊಂಡು ಬಂದೆ ಅಂತ ಬರೆದಿದ್ದೀರಿ. ದಾರಿಯಲ್ಲಿ ದೊಡ್ಡ ಬೆಟ್ಟ ಒಂದೂ ಇರಲಿಲ್ಲ, ಆದರೂ ಹೀಗ್ಯಾಕಾಯ್ತು, ಮುಂದಿನ ಸಲ ದಾರಿ ಹೇಗೆ ಆರಿಸಲಿ ಅಂತ ಕೇಳಿದ್ದೀರಿ. ನಿಮ್ಮ ಕಾಲಲ್ಲಿ ಕಸುವಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನೀವು ಕಿಲೋಮೀಟರ್ ಎಣಿಸಿದ್ದೀರಿ, ಏರು ಎಣಿಸಿಲ್ಲ. ನಾನು ಹಲವು ವರ್ಷಗಳಿಂದ ಇಂಥ ನೆಲದಲ್ಲೇ ಸೈಕಲ್ ಓಡಿಸುತ್ತಿದ್ದೇನೆ. ಈ ಲೆಕ್ಕ ಅರ್ಥವಾದ ಮೇಲೆಯೇ ಸಂಜೆ ಖುಷಿಯಾಗಿ ಮನೆಗೆ ಬರೋದು ನನಗೆ ಸಾಧ್ಯವಾಯಿತು.

ಒಂದು ಕಿಲೋಮೀಟರ್ ಏರು, ಒಂದು ಕಿಲೋಮೀಟರ್ ಇಳಿಜಾರು ಅಂತಿಟ್ಟುಕೊಳ್ಳಿ. ಏರುವಾಗ ಗಂಟೆಗೆ 6 ಕಿ.ಮೀ. ವೇಗ ಸಿಕ್ಕರೆ 10 ನಿಮಿಷ ಬೇಕು. ಇಳಿಯುವಾಗ 30 ಕಿ.ಮೀ. ವೇಗದಲ್ಲಿ 2 ನಿಮಿಷ ಸಾಕು. ಒಟ್ಟು 2 ಕಿಲೋಮೀಟರಿಗೆ 12 ನಿಮಿಷ, ಅಂದರೆ ಸರಾಸರಿ ವೇಗ ಗಂಟೆಗೆ 10 ಕಿ.ಮೀ. ಮಾತ್ರ. 6 ಮತ್ತು 30ರ ನಡುವೆ 18 ಬರುತ್ತೆ ಅಂತ ಮನಸ್ಸು ಹೇಳುತ್ತೆ, ಆದರೆ ನಮ್ಮ ಹೊತ್ತೆಲ್ಲ ಏರಿನಲ್ಲೇ ಕಳೆಯುತ್ತೆ ನೋಡಿ. ಹತ್ತುವಾಗ ಹಾಕಿದ ಶ್ರಮ ಇಳಿಯುವಾಗ ಪೂರ್ತಿ ವಾಪಸ್ ಸಿಗೋದೂ ಇಲ್ಲ. ಒಂದಷ್ಟು ಗಾಳಿಗೆ ಹೋಗುತ್ತೆ, ಇನ್ನೊಂದಷ್ಟು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತೆ. ಮಣ್ಣುದಾರಿಯಲ್ಲಿ ಬ್ರೇಕ್ ಹಿಡಿಯದೆ ಇಳಿಯೋ ಹಾಗೂ ಇಲ್ಲ ಅಲ್ವಾ.

ಇಂಗ್ಲೆಂಡಿನ ಸೌತ್ ಡೌನ್ಸ್ ವೇ ಇದಕ್ಕೆ ಒಳ್ಳೆ ಉದಾಹರಣೆ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿ.ಮೀ. ಹೋಗುವ ಈ ದಾರಿ ಹಸಿರು ಹುಲ್ಲಿನ ದಿಣ್ಣೆಗಳ ನೆತ್ತಿಯ ಮೇಲೆ ಸಾಗುತ್ತೆ. ಅದರಲ್ಲಿ 300 ಮೀಟರ್ ಎತ್ತರ ಮುಟ್ಟುವ ಜಾಗ ಒಂದೂ ಇಲ್ಲ. ಆದರೂ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಒಟ್ಟು ಏರು 3,500 ಮೀಟರ್ ದಾಟುತ್ತೆ. ನದಿ ಕಣಿವೆ ಬಂದಾಗಲೆಲ್ಲ ಕೆಳಗೆ ಇಳಿಯಬೇಕು, ಮತ್ತೆ ಹತ್ತಬೇಕು. ನಿಮ್ಮ 25 ಕಿ.ಮೀ. ದಾರಿಯಲ್ಲೂ ಚಿಕ್ಕ ಪ್ರಮಾಣದಲ್ಲಿ ಆಗಿದ್ದು ಇದೇ.

ಹಾಗಾಗಿ ದಾರಿ ಆರಿಸುವಾಗ ಮೊದಲು ಒಟ್ಟು ಏರು ಎಷ್ಟು ಅಂತ ನೋಡಿ. ನಾನು ಇಟ್ಟುಕೊಂಡಿರುವ ಅಳತೆ ಸುಲಭದ್ದು. ಕಿಲೋಮೀಟರಿಗೆ 10 ಮೀಟರ್ ಏರು ಇದ್ದರೆ ಹಗುರ, 20 ಇದ್ದರೆ ಒಳ್ಳೆ ಕೆಲಸ, 30 ದಾಟಿದರೆ ದೂರವನ್ನು ಅರ್ಧ ಮಾಡಿಕೊಳ್ಳುತ್ತೇನೆ. ನೀವು 20 ಕಿ.ಮೀ. ದೂರ, 300 ಮೀಟರ್ ಏರಿನ ಒಂದು ಸುತ್ತಿನಿಂದ ಶುರು ಮಾಡಿದರೆ ಸಾಕು.

ಆದರೆ ಆ್ಯಪ್ ತೋರಿಸುವ ಏರಿನ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಒಂದೇ ದಾರಿಗೆ ಎರಡು ಆ್ಯಪ್ ಎರಡು ಸಂಖ್ಯೆ ಕೊಡೋದನ್ನು ನೀವೇ ನೋಡಿರಬಹುದು. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ, ರಾಡಾರಿನಿಂದ ನೆಲದ ಎತ್ತರ ಅಳೆದಿತ್ತು. ಎಷ್ಟೋ ನಕ್ಷೆಗಳಿಗೆ ಇವತ್ತಿಗೂ ಆ ಅಳತೆಯೇ ಆಧಾರ. ಅದರಲ್ಲಿ ಸುಮಾರು 30 ಮೀಟರಿಗೆ ಒಂದು ಎತ್ತರ ಸಿಗುತ್ತೆ. ದೊಡ್ಡ ಬೆಟ್ಟಕ್ಕೆ ಅಷ್ಟು ಸಾಕು. ಆದರೆ ಹಳ್ಳದ ಚಿಕ್ಕ ತಗ್ಗು, ಆಚೆ ದಡದ ಚೂಪು ಏರು ಅದರಲ್ಲಿ ನುಣ್ಣಗಾಗಿ ಮಾಯವಾಗುತ್ತೆ. ಕಾಗದದ ನಕ್ಷೆಯದ್ದೂ ಇದೇ ಕತೆ. 20 ಮೀಟರಿಗೊಂದು ಕಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇದ್ದರೆ, 15 ಮೀಟರಿನ ದಿಬ್ಬ ಎರಡು ಗೆರೆಗಳ ನಡುವೆ ಸದ್ದಿಲ್ಲದೆ ಅಡಗಿರಬಹುದು. ಅಂಥ ಹತ್ತು ದಿಬ್ಬ ಸೇರಿದರೆ 150 ಮೀಟರ್! ನಾನು ನೀರಿನ ನೀಲಿ ಗೆರೆಗಳನ್ನು ಎಣಿಸುತ್ತೇನೆ. ದಾರಿ ಎಷ್ಟು ಸಲ ತೊರೆ-ಹಳ್ಳ ದಾಟುತ್ತೋ ಅಷ್ಟು ಸಲ ಇಳಿದು ಹತ್ತೋದು ಖಚಿತ. ಎರಡು ಕಣಿವೆಗಳ ನಡುವಿನ ದಿಣ್ಣೆಯ ಬೆನ್ನು ಹಿಡಿದು ಹೋಗುವ ದಾರಿ ಸಿಕ್ಕರೆ ಬಿಡಲೇಬೇಡಿ. ಅಲ್ಲಿ ನೀರು ನಿಲ್ಲೋದಿಲ್ಲ, ಏರೂ ಕಡಿಮೆ, ಎರಡೂ ಕಡೆಯ ಹೊಲಗಳು ಕಣ್ಣು ಹೋದಷ್ಟು ದೂರ ಕಾಣುತ್ತವೆ.

ಒಮ್ಮೆ ನಾನು ಇದನ್ನು ಗಮನಿಸದೆ ಹೊರಟಿದ್ದೆ. ಹಿಂದಿನ ದಿನ ಮಳೆ ಬಂದಿತ್ತು. ನಕ್ಷೆಯಲ್ಲಿ ದಾರಿ ನೆಟ್ಟಗೆ ಹಳ್ಳ ದಾಟಿ ಮೇಲೆ ಹೋಗಿತ್ತು. ಇಳಿದು ನೋಡಿದರೆ ಟ್ರ್ಯಾಕ್ಟರ್ ಚಕ್ರದ ಎರಡು ಆಳವಾದ ಜಾಡು, ಅದರ ತುಂಬ ಜಿಗುಟು ಮಣ್ಣು. ಇಪ್ಪತ್ತು ಹೆಜ್ಜೆಯೊಳಗೆ ಮಣ್ಣು ಟೈರಿಗೆ ಮೆತ್ತಿಕೊಂಡು, ಫ್ರೇಮಿಗೂ ಟೈರಿಗೂ ನಡುವಿನ ಸಂದು ಮುಚ್ಚಿಹೋಯಿತು. ಚಕ್ರ ತಿರುಗಲೇ ಇಲ್ಲ. ಕಡ್ಡಿ ಹಿಡಿದು ಕೆರೆದೆ, ನಾಲ್ಕು ಹೆಜ್ಜೆ ತಳ್ಳಿದೆ, ಮತ್ತೆ ಕೆರೆದೆ. ಆ 300 ಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅವತ್ತಿನಿಂದ ಏರಿನ ಜೊತೆ ಮಣ್ಣನ್ನೂ ನೋಡುತ್ತೇನೆ. ಜಲ್ಲಿ ಮಣ್ಣು ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತೆ. ಮರಳು ನೆಲ ಒದ್ದೆಯಾದಾಗಲೇ ವಾಸಿ, ಒಣಗಿದರೆ ಚಕ್ರ ಹೂತುಕೊಳ್ಳುತ್ತೆ. ಜಿಗುಟು ಮಣ್ಣಿನ ದಾರಿಗೆ ಮಾತ್ರ ಎರಡು ಮೂರು ಒಣ ದಿನ ಕೊಡಿ. ಹಸಿ ದಾರಿಯಲ್ಲಿ ಹೋದರೆ ನಮಗಷ್ಟೇ ಕಷ್ಟವಲ್ಲ. ನಾವು ಕೊರೆದ ಜಾಡು ಹಾಗೇ ಒಣಗಿ, ದಿನಾ ಅಲ್ಲಿ ಓಡಾಡುವವರ ಕಾಲಿಗೆ ತೊಡಕಾಗುತ್ತೆ.

ಸುತ್ತನ್ನು ಯಾವ ದಿಕ್ಕಿನಲ್ಲಿ ಹೋಗಬೇಕು ಅನ್ನೋದೂ ಮುಖ್ಯ. ಕಡಿದಾದ ಏರುಗಳು ಮೊದಲ ಅರ್ಧದಲ್ಲೇ ಮುಗಿಯೋ ಹಾಗೆ ನೋಡಿಕೊಳ್ಳಿ. ಎದುರುಗಾಳಿಯೂ ಹೋಗುವಾಗಲೇ ಸಿಗಲಿ, ವಾಪಸ್ ಬರುವಾಗ ಬೆನ್ನಿಗಿರಲಿ. ಸಾಧ್ಯವಾದರೆ ಸುತ್ತು ಎಂಟರ ಆಕಾರದಲ್ಲಿರಲಿ. ನಡುವೆ ಒಮ್ಮೆ ಶುರು ಮಾಡಿದ ಜಾಗಕ್ಕೇ ಬರುತ್ತೀರಿ, ಸಾಕು ಅನ್ನಿಸಿದರೆ ಅಲ್ಲೇ ನಿಲ್ಲಿಸಬಹುದು. ಟಾರ್ ರಸ್ತೆಗೆ ಬೇಗ ಸೇರಿಕೊಳ್ಳುವ ಅಡ್ಡದಾರಿ ಒಂದೆರಡನ್ನು ಗುರುತು ಮಾಡಿಟ್ಟುಕೊಂಡಿರಿ.

ನಕ್ಷೆಯಲ್ಲಿ ಗೆರೆ ಇದೆ ಅಂದಮಾತ್ರಕ್ಕೆ ಅಲ್ಲಿ ಸೈಕಲ್ ಬಿಡಬಹುದು ಅಂತ ಅರ್ಥ ಅಲ್ಲ. ಇಂಗ್ಲೆಂಡಿನಲ್ಲಿ ಕುದುರೆ ಸವಾರರ ದಾರಿಗಳಲ್ಲಿ ಸೈಕಲ್ ಓಡಿಸೋಕೆ 1968ರ ಕಾಯಿದೆ ಅವಕಾಶ ಕೊಟ್ಟಿದೆ, ಆದರೆ ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಟ್ಟುಕೊಡಬೇಕು. ಬರೀ ನಡೆಯುವವರಿಗಾಗಿ ಇರುವ ಕಾಲುದಾರಿಯಲ್ಲಿ ಆ ಹಕ್ಕಿಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ 2003ರ ಕಾಯಿದೆ ಇನ್ನೂ ವಿಶಾಲವಾಗಿದೆ, ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚಿನ ಭೂಮಿಯಲ್ಲಿ ಓಡಾಡಬಹುದು. ಅಕ್ಕಪಕ್ಕದ ನಾಡುಗಳಲ್ಲೇ ಇಷ್ಟು ವ್ಯತ್ಯಾಸ. ನೀವು ಹೋಗುವ ಕಡೆಯ ನಿಯಮ ತಿಳಿದುಕೊಳ್ಳಿ, ಗೊತ್ತಾಗದಿದ್ದರೆ ಹೊಲದಲ್ಲಿ ಕೆಲಸ ಮಾಡುತ್ತಿರುವವರನ್ನೇ ನಿಲ್ಲಿಸಿ ಕೇಳಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ದನ, ಕುದುರೆ ಎದುರಾದರೆ ದೂರದಿಂದಲೇ ಮೆಲ್ಲಗೆ ಮಾತಾಡುತ್ತಾ ಬನ್ನಿ. ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲ್ಲಿಗೆ ಅವು ಬೆದರುತ್ತವೆ.

ಇನ್ನು ಓಡಿಸುವ ರೀತಿ. ತಗ್ಗಿಗೆ ಇಳಿದ ವೇಗವನ್ನೇ ಮುಂದಿನ ಏರಿಗೆ ಬಳಸಿಕೊಳ್ಳೋದು ಇಂಥ ನೆಲದ ದೊಡ್ಡ ಸುಖ. ಅಲೆಯ ಮೇಲೆ ತೇಲಿದ ಹಾಗಿರುತ್ತೆ. ಆದರೆ ತಗ್ಗಿನ ತಳ ಕಣ್ಣಿಗೆ ಕಂಡರೆ ಮಾತ್ರ ಬ್ರೇಕ್ ಬಿಡಿ. ಕೆಸರು, ಉರುಳಿದ ಕಲ್ಲು, ಗೇಟು ಎಲ್ಲ ಇರೋದು ಅಲ್ಲೇ. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಭಾರ ಬಿದ್ದ ಮೇಲೆ ಇಳಿಸಿದರೆ ಚೈನು ಕಟಕಟ ಅನ್ನುತ್ತೆ, ಕೆಲವೊಮ್ಮೆ ತುಂಡಾಗಿಯೂ ಬಿಡುತ್ತೆ. ಸಡಿಲ ಜಲ್ಲಿಯ ಕಡಿದಾದ ಏರಿನಲ್ಲಿ ಎದ್ದು ನಿಂತರೆ ಹಿಂದಿನ ಚಕ್ರ ಸುಮ್ನೆ ಜಾರುತ್ತೆ. ಸೀಟಿನ ಮುಂತುದಿಗೆ ಸರಿದು ಕೂತು, ಎದೆಯನ್ನು ಹ್ಯಾಂಡಲ್ ಕಡೆ ಬಗ್ಗಿಸಿ, ಮೊಣಕೈ ಕೆಳಗೆ ಬಿಡಿ. ಮುಂದಿನ ಚಕ್ರ ಏಳೋದೂ ಇಲ್ಲ, ಹಿಂದಿನದು ಹಿಡಿತ ಕಳೆದುಕೊಳ್ಳೋದೂ ಇಲ್ಲ.

ನೀವು ಟೈರಿನ ಗಾಳಿ ಬಗ್ಗೆ ಏನೂ ಬರೆದಿಲ್ಲ. ಟಾರ್ ರಸ್ತೆಗೆ ಹಾಕಿದ್ದ 45-50 ಪಿಎಸ್‌ಐನಲ್ಲೇ (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ) ಹೋಗಿದ್ದರೆ, ಸುಸ್ತಿನಲ್ಲಿ ಅದರ ಪಾಲೂ ಇದೆ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತೆ, ಆ ಏಟೆಲ್ಲ ನಿಮ್ಮ ತೋಳು, ಬೆನ್ನಿಗೆ. 70 ಕೆ.ಜಿ. ತೂಕದವರು 2.2 ಇಂಚಿನ ಟೈರಿಗೆ, ಟ್ಯೂಬ್ ಇದ್ದರೆ 28ರ ಆಸುಪಾಸಿನಿಂದ ಶುರು ಮಾಡಬಹುದು. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತೆ. ಒಂದು ಪಂಪು, ಒಂದು ಹೆಚ್ಚುವರಿ ಟ್ಯೂಬ್ ಜೊತೆಗಿರಲಿ.

ಅದೇ 25 ಕಿಲೋಮೀಟರ್ ದಾರಿಗೆ ಇನ್ನೊಮ್ಮೆ ಹೋಗಿ, ಈ ಸಲ ಉಲ್ಟಾ ದಿಕ್ಕಿನಿಂದ. ಎಲ್ಲಿ ತಳ್ಳಬೇಕಾಯಿತೋ ಅಲ್ಲಿ ನಿಂತು, ಅದು ಏರಿನಿಂದಲೋ ಮಣ್ಣಿನಿಂದಲೋ ಅಂತ ನೋಡಿ ಇಲ್ಲೇ ಬರೆಯಿರಿ. ದಾರಿಯ ಏರಿಳಿತದ ಚಿತ್ರವನ್ನೂ ಹಾಕಿದರೆ, ಎಲ್ಲಿ ತಿರುಗಿಸಿಕೊಳ್ಳಬಹುದು ಅಂತ ಕೂತು ನೋಡಿ ಹೇಳುತ್ತೇನೆ.